ಅಂಗಾಂಗ ದಾನಕ್ಕ ಮನಿಮಂದಿ ಯಾಕ ಹೂಂ ಅಂತಾರ, ಯಾಕ ಒಲ್ಲೆ ಅಂತಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿ-ಧಾರವಾಡ ಕಡೆ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಕೆಲಸ ಮಾಡ್ತೀನಿ, ಅಂದ್ರ ಐಸಿಯು ಹೊರಗ ಇರೋ ಮನಿಮಂದಿ ಜೊತಿ ಕುಂತು ಮಾತಾಡೋ ಕೆಲಸ. ಗದಗ, ರೋಣ, ಹಾವೇರಿ, ಸವಣೂರು, ರಾಣೆಬೆನ್ನೂರು, ಹೈವೇ ಮ್ಯಾಲೆ ಎಲ್ಲೇ ಬೈಕ್ ಬಿದ್ದು ತಲಿಗೆ ಜೋರು ಪೆಟ್ಟಾತು ಅಂದ್ರ ಭಾಳ ಸಲ ಆಂಬುಲೆನ್ಸ್ ಹುಬ್ಬಳ್ಳಿ ಇಲ್ಲಾ ಧಾರವಾಡಕ್ಕ ಬರ್ತೈತಿ. ಅಲ್ಲೆ ಕುಂತ ಮಂದಿ ಕೇಳಿದ್ದು, ಆಮೇಲೆ ಊರಾಗ, ಕಾಲೇಜಿನ್ಯಾಗ, ವಾಟ್ಸಾಪ್‌ನ್ಯಾಗ ಕೇಳಿದ್ದು ಎಲ್ಲಾ ಕೂಡಿಸಿ ಇಲ್ಲೆ ಬರ್ದೀನಿ. ಓದಿ ನಿಮಗ ಒಲ್ಲೆ ಅನ್ನಿಸಿದ್ರೂ ನನಗೇನೂ ಬ್ಯಾಸರಿಲ್ಲ, ಆದ್ರ ಆ ರಾತ್ರಿ ಬಂದಾಗ ಈ ಮಾತು ಮೊದಲನೇ ಸಲ ಕಿವಿಗೆ ಬಿದ್ದಂಗ ಆಗಬಾರದು.

ಎದಿ ಬಡ್ಕೊಳ್ಳಾಕತ್ತೈತಿ, ಕೈ ಬೆಚ್ಚಗ ಐತಿ, ಸತ್ತಾನ ಅಂತ ಹೆಂಗ ಹೇಳ್ತೀರಿ?

ಎಲ್ಲಾರೂ ಮೊದಲು ಕೇಳೋದು ಇದನ್ನ, ಮತ್ತ ಇದು ತಿಳೀಲಿಲ್ಲ ಅಂದ್ರ ಮುಂದಿನ ಮಾತು ಒಂದೂ ತಿಳಿಯಂಗಿಲ್ಲ. ನಮ್ಮ ಮಿದುಳಿನ ಬುಡದಾಗ ಬ್ರೇನ್ ಸ್ಟೆಮ್ ಅಂತ ಒಂದು ಭಾಗ ಇರ್ತೈತಿ, ಉಸಿರಾಡೋದು, ಎಚ್ಚರ ಇರೋದು, ನುಂಗೋದು, ಕೆಮ್ಮೋದು ಎಲ್ಲಾ ಅಲ್ಲಿಂದ ನಡೀತೈತಿ. ತಲ್ಯಾಗ ರಕ್ತಸ್ರಾವ ಆಗಿ ಅಥವಾ ಬಾವು ಬಂದು ಒಳಗಿನ ಒತ್ತಡ ಏರಿದ್ರ ಮಿದುಳಿಗೆ ರಕ್ತ ಹೋಗೋದು ನಿಂತು ಆ ಭಾಗ ಸಾಯ್ತೈತಿ, ಸತ್ತ ಮ್ಯಾಲೆ ತಿರುಗಿ ಬರಂಗಿಲ್ಲ. ಇದಕ್ಕನ ಬ್ರೇನ್ ಡೆಡ್ ಅಂತಾರ. ಆದ್ರ ಹೃದಯಕ್ಕ ಬಡ್ಕೊಳ್ಳಾಕ ಮಿದುಳಿನ ಅಪ್ಪಣೆ ಬೇಕಾಗಿಲ್ಲ, ಅದಕ್ಕ ತನ್ನೊಳಗ ಕರೆಂಟ್ ಹುಟ್ಟಸೋ ಜಾಗ ಐತಿ, ಆಕ್ಸಿಜನ್ ಸಿಗೋತನಕ ಅದು ಬಡ್ಕೋತೈತಿ. ಆಕ್ಸಿಜನ್ ಯಾರು ಕೊಡಾಕತ್ತಾರ ಅಂದ್ರ ವೆಂಟಿಲೇಟರ್. ರಕ್ತ ಹರಿತಿರೋದ್ರಿಂದ ಮೈ ಬೆಚ್ಚಗ ಇರ್ತೈತಿ, ಎದಿ ಏರಿಳೀತೈತಿ, ಮಾನಿಟರ್ ಮ್ಯಾಲೆ ಗೆರಿ ಓಡ್ತಿರ್ತೈತಿ. ನೋಡಾಕ ನಿದ್ದಿ ಮಾಡಿದಂಗ ಕಾಣ್ತೈತಿ, ಹಿಂಗಾಗಿ ಅವ್ವ ಆದಾಕಿಗೆ ಸತ್ತಾನ ಅಂತ ಒಪ್ಪಾಕ ಆಗಂಗಿಲ್ಲ, ಆಗೂದೂ ಬ್ಯಾಡ ಅಷ್ಟು ಲಗೂನ.

ಇನ್ನೊಂದು ಮಾತು ಮೊದಲ ಹೇಳಿ ಇಟ್ಟುಬಿಡ್ತೀನಿ. ಬ್ರೇನ್ ಡೆಡ್ ಆದ ಮ್ಯಾಲೂ ಒಮ್ಮೊಮ್ಮೆ ಬೆರಳು ಅಲ್ಲಾಡ್ತೈತಿ, ಕಾಲು ಜಗ್ಗಿದಂಗ ಆಗ್ತೈತಿ. ಅದು ಬೆನ್ನುಹುರಿಯಿಂದ ಬರೋದು, ಮಿದುಳಿಂದ ಅಲ್ಲ. ಇದನ್ನ ಯಾರೂ ಹೇಳಿರಂಗಿಲ್ಲ, ತಮ್ಮನೋ ಅಣ್ಣನೋ ಪಕ್ಕಕ್ಕ ನಿಂತಾಗ ಬೆರಳು ಅಲುಗಿದ್ದು ನೋಡ್ತಾನ, ಹೊರಗ ಓಡಿ ಬಂದು ಜೀವ ಐತಿ ಅಂತ ಕೂಗ್ತಾನ, ಅಲ್ಲಿಗೆ ಡಾಕ್ಟರ್ ಮ್ಯಾಲಿನ ನಂಬಿಕಿ ಪೂರಾ ಹೋಗ್ತೈತಿ. ಮೊದಲ ಹೇಳಿದ್ರ ಅರ್ಧ ಗೊಂದಲ ಇರಂಗಿಲ್ಲ.

ಕೋಮಾದಾಗ ಇದ್ದವರು ವರ್ಷಾನುಗಟ್ಟಲೆ ಆದ ಮ್ಯಾಲೆ ಎದ್ದಾರಲ್ಲ?

ಎದ್ದಾರ, ಖರೆ. ಕೋಮಾದಾಗ ಬ್ರೇನ್ ಸ್ಟೆಮ್ ಜೀವಂತ ಇರ್ತೈತಿ, ಕೆಲವರು ವೆಂಟಿಲೇಟರ್ ಇಲ್ಲದನೂ ಉಸಿರಾಡ್ತಾರ. ಬ್ರೇನ್ ಡೆಡ್ ಬ್ಯಾರೆ. ಟಿವಿ ಸೀರಿಯಲ್‌ನ್ಯಾಗ ಎರಡನ್ನೂ ಒಂದೇ ಮಾಡಿ ತೋರಸ್ತಾರ, ಅದರಿಂದ ಭಾಳ ತ್ರಾಸ ಆಗೇತಿ.

ಒಬ್ಬ ಡಾಕ್ಟರ್ ಹೇಳಿದ್ರ ಮುಗೀತೇನು?

ಇಲ್ರಿ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಾಲ್ಕು ಮಂದಿ ಡಾಕ್ಟರ್ ಸೇರಿ ಸಹಿ ಮಾಡಬೇಕು: ದವಾಖಾನಿ ಉಸ್ತುವಾರಿ ಡಾಕ್ಟರ್, ಸರಕಾರ ಒಪ್ಪಿದ ಪಟ್ಟಿಯೊಳಗಿಂದ ಒಬ್ಬ ಸ್ಪೆಷಲಿಸ್ಟ್, ನ್ಯೂರೋ ಡಾಕ್ಟರ್ (ಅವರು ಸಿಗಲಿಲ್ಲ ಅಂದ್ರ ನಿಯಮದಾಗ ಹೇಳಿದ ಬ್ಯಾರೆ ಸ್ಪೆಷಲಿಸ್ಟ್), ಮತ್ತ ಟ್ರೀಟ್‌ಮೆಂಟ್ ಕೊಡ್ತಿರೋ ಡಾಕ್ಟರ್. ಕಸಿ ಮಾಡೋ ಟೀಮಿನವರು ಇದರಾಗ ಇರೂ ಹಂಗಿಲ್ಲ. ಒಂದು ಸಲ ಟೆಸ್ಟ್ ಮಾಡಿ, ಕಡಿಮಿ ಅಂದ್ರ 6 ತಾಸು ಬಿಟ್ಟು ಮತ್ತೊಂದು ಸಲ ಮಾಡ್ತಾರ. ಕಣ್ಣಾಗ ಟಾರ್ಚ್ ಬಿಡ್ತಾರ, ಕಣ್ಣಿನ ಗುಡ್ಡಿಗೆ ಹತ್ತಿ ತಾಗಿಸ್ತಾರ, ಗಂಟಲದಾಗ ನಳಿಕಿ ಆಡಿಸಿ ಕೆಮ್ಮು ಬರ್ತೈತೇನು ನೋಡ್ತಾರ, ಕಿವ್ಯಾಗ ತಣ್ಣೀರು ಹಾಕಿ ಕಣ್ಣು ಹೊರಳ್ತಾವೇನು ನೋಡ್ತಾರ. ಕೊನೀಗೆ ಆಪ್ನಿಯಾ ಟೆಸ್ಟ್, ಅಂದ್ರ ಆಕ್ಸಿಜನ್ ಕೊಡ್ತಾನ ವೆಂಟಿಲೇಟರ್ ಬಿಡಿಸಿ, ರಕ್ತದಾಗ ಕಾರ್ಬನ್ ಡೈಆಕ್ಸೈಡ್ ಏರಿದ್ರೂ ತಾನಾಗಿ ಒಂದು ಉಸಿರಾದ್ರೂ ಎಳ್ಕೋತಾರೇನು ಅಂತ ಕಾಯ್ತಾರ.

ಈ ಕಡೀ ಟೆಸ್ಟ್ ಆಗೋ ಮುಂದ ಮನಿಯವರೊಬ್ಬರು ಗಾಜಿನ ಆಚೆ ನಿಂತು ನೋಡ್ತೀನಿ ಅಂದ್ರ, ಡಾಕ್ಟರ್ ಒಪ್ಪಿದ್ರ, ನೋಡ್ಲಿ ಅಂತೀನಿ ನಾನು. ಎಲ್ಲಾರಿಗೂ ಆಗೋ ಕೆಲಸ ಅಲ್ಲ. ಆದ್ರ ಒಬ್ಬ ಅಣ್ಣ ಗಾಜಿಗೆ ಹಣಿ ಹಚ್ಚಿ ನಿಂತು ತಮ್ಮನ ಎದಿ ಏಳ್ತೈತೇನು ಅಂತ ಕಣ್ಣು ಪಿಳುಕಿಸದ ನೋಡಿದ್ದು ನಾ ಕಂಡೀನಿ, ಏಳಲಿಲ್ಲ, ಹೊರಗ ಬಂದು ಕಟ್ಟಿ ಮ್ಯಾಲೆ ಕುಂತು "ಹೋಗ್ಯಾನ ಬಿಡ್ರಿ" ಅಂದ. ಎರಡು ದಿವಸ ನಾಲ್ಕು ಡಾಕ್ಟರ್ ಹೇಳಿದ್ದು ತಲಿಗೆ ಹೋಗಿರಲಿಲ್ಲ.

ಸಾವಿನ ಸುದ್ದಿ ಹೇಳಿದ ಬೆನ್ನಿಗೇ ದಾನ ಮಾಡ್ತೀರೇನು ಅಂತ ಕೇಳೋದು ಸರಿ ಏನ್ರಿ?

ಬೆನ್ನಿಗೇ ಕೇಳೋದು ಸರಿಯಲ್ಲ. ಕೇಳೋದಂತೂ ಕೇಳಬೇಕು, 2011ರಾಗ ಕಾಯ್ದೆ ತಿದ್ದಿದ ಮ್ಯಾಲೆ ಇಂಥಾ ಕೇಸಿನ್ಯಾಗ ಮೊದಲ ದಾನಕ್ಕ ಬರ್ದು ಕೊಟ್ಟಿದ್ರೇನು ಅಂತ ವಿಚಾರಿಸಬೇಕು, ಇಲ್ಲಂದ್ರ ಹಿಂಗೊಂದು ದಾರಿ ಐತಿ ಅಂತ ಮನಿಮಂದಿಗೆ ತಿಳಿಸಬೇಕು ಅಂತ ಐತಿ. ಹಿಂಗಾಗಿ ಡಾಕ್ಟರ್ ಕೇಳಿದ್ರು ಅಂದ್ರ ನಿಮ್ಮ ಹುಡುಗನ ಮ್ಯಾಲೆ ಕಣ್ಣು ಹಾಕ್ಯಾರ ಅಂತ ತಿಳ್ಕೋಬ್ಯಾಡ್ರಿ.

ಆದ್ರ ಯಾವಾಗ ಕೇಳ್ತಾರ, ಎಲ್ಲೆ ನಿಂತು ಕೇಳ್ತಾರ ಅನ್ನೋದರ ಮ್ಯಾಲೆ ಉತ್ತರ ಬದಲಾಗ್ತೈತಿ. ಬ್ಯಾರೆ ಬ್ಯಾರೆ ದೇಶದಾಗ ನಡೆದ ಅಧ್ಯಯನ ಹೇಳೋದೂ ಇದನ್ನ, ನಾನು ಇಲ್ಲೆ ಕಂಡಿದ್ದೂ ಇದನ್ನ: ಸಾವಿನ ಮಾತು ಬ್ಯಾರೆ, ದಾನದ ಮಾತು ಬ್ಯಾರೆ ಇರಬೇಕು. ಮೊದಲು ಸಾವಿನ ಸುದ್ದಿ ಹೇಳಿ ಅಳಾಕ ಬಿಡಬೇಕು, ಊರಿಂದ ಬರೋರು ಬರಲಿ. ಅವರಾಗೇ "ಮುಂದೇನ್ರಿ" ಅಂತ ಕೇಳಿದಾಗ ಬಾಗಲಾ ಇರೋ ಒಂದು ಖೋಲ್ಯಾಗ ಕುಂದ್ರಿಸಿ, ನೀರು ಕೊಟ್ಟು, ಆಮೇಲೆ ಮಾತು ತೆಗೀಬೇಕು. ಲಿಫ್ಟ್ ಮುಂದ ನಿಂತು, ಒಂದು ಕೈಯಾಗ ಫೋನ್ ಹಿಡ್ಕೊಂಡು, "ಬ್ರೇನ್ ಡೆಡ್ ಆಗೇತ್ರಿ, ಆರ್ಗನ್ ಡೊನೇಟ್ ಮಾಡ್ತೀರೇನು" ಅಂತ ಒಂದೇ ಉಸಿರಿನ್ಯಾಗ ಕೇಳಿದ್ದೂ ನಾ ನೋಡೀನಿ. ಆ ಮನಿಮಂದಿ ಒಲ್ಲೆ ಅಂದ್ರು, ಯಾರಾದ್ರೂ ಒಲ್ಲೆ ಅನ್ನೋರ.

ಮತ್ತ ಒಂದು ಸಂಗತಿ ಮಂದಿ ಲಕ್ಷ್ಯ ಕೊಡಂಗಿಲ್ಲ. ಆ ಎರಡು ಮೂರು ದಿವಸ ದವಾಖಾನ್ಯಾಗ ಹೆಂಗ ನಡಿಸ್ಕೊಂಡ್ರು ಅನ್ನೋದು. ಸೆಕ್ಯುರಿಟಿಯಾಂವ ಗದರಿಸಿದ್ನೋ, ಒಳಗ ಬಿಟ್ರೋ ಇಲ್ಲೋ, ನರ್ಸ್ ಹೆಸರು ಹಿಡಿದು ಮಾತಾಡಿಸಿದ್ರೋ, ಸಿಟಿ ಸ್ಕ್ಯಾನ್ ಫಿಲ್ಮ್ ತೋರಿಸಿ ಕನ್ನಡದಾಗ ತಿಳಿಸಿದ್ರೋ, ಇಲ್ಲಾ ಇಂಗ್ಲಿಷಿನ್ಯಾಗ ಎರಡು ಮಾತು ಒಗೆದು ಹೋದ್ರೋ. ನಮ್ಮ ಹುಡುಗನ್ನ ಉಳಿಸಾಕ ಇವರು ಬಡಿದಾಡಿದ್ರು ಅಂತ ಅನ್ನಿಸಿದ ಮನ್ಯಾಗ ದಾನದ ಮಾತಿಗೆ ಜಾಗ ಇರ್ತೈತಿ. ಅನ್ನಿಸಲಿಲ್ಲ ಅಂದ್ರ ನಾನು ಹೋಗಿ ಎಷ್ಟು ಚಂದ ಮಾತಾಡಿದ್ರೂ ಉಪಯೋಗಿಲ್ಲ.

ಹಂಗಾದ್ರ ಮನಿಮಂದಿ ನಿರ್ಧಾರ ಯಾವುದರ ಮ್ಯಾಲೆ ನಿಂತಿರ್ತೈತಿ? ಓದಿದವರು ಕೊಡ್ತಾರ, ಹಳ್ಳಿಯವರು ಕೊಡಂಗಿಲ್ಲ ಅಂತಾರಲ್ಲ?

ಈ ಓದಿದವರು-ಹಳ್ಳಿಯವರು ಲೆಕ್ಕ ನನಗ ಯಾವಾಗಲೂ ಹೊಂದಿಲ್ಲ. ಹೊಲ ಮಾಡೋ ಮಂದಿ ಒಂದು ತಾಸಿನ್ಯಾಗ ಹೂಂ ಅಂದಿದ್ದೂ ಐತಿ, ಎರಡು ಡಿಗ್ರಿ ಇದ್ದವರು ಎದ್ದು ಹೋಗಿದ್ದೂ ಐತಿ. ದುಡ್ಡು, ಜಾತಿ, ಓದು ಎಲ್ಲಾದಕ್ಕಿಂತ ದೊಡ್ಡದು ಒಂದೇ ಒಂದು: ಸತ್ತವರು ಬದುಕಿದ್ದಾಗ ಇದರ ಬಗ್ಗೆ ಒಂದು ಮಾತಾದ್ರೂ ಆಡಿದ್ರೇನು.

ಆಡಿದ್ರು ಅಂದ್ರ ಮನಿಮಂದಿ ಮ್ಯಾಲಿನ ಭಾರ ಇಳೀತೈತಿ. ಅವರು ಕೊಡೋದೋ ಬಿಡೋದೋ ಅಂತ ತಾವು ಠರಾಯಿಸಬೇಕಾಗಿಲ್ಲ, ಅಂವ ಏನಂದಿದ್ದ ಅನ್ನೋದು ನೆನಸ್ಕೊಂಡ್ರ ಸಾಕು. ಏನೂ ಆಡಿರಲಿಲ್ಲ ಅಂದ್ರ, ಗಂಡನ ಮೈಯಿ ಬಗ್ಗೆ, ಮಗಳ ಮೈಯಿ ಬಗ್ಗೆ, ನಿದ್ದಿಲ್ಲದ ಕಣ್ಣಾಗ, ಬೀಗರು ಸುತ್ತ ನಿಂತಾಗ, ಕೆಲವೇ ತಾಸಿನ್ಯಾಗ ಹೇಳಬೇಕು. ಅಂಥಾ ಹೊತ್ತಿನ್ಯಾಗ ಮನುಷ್ಯ ತಪ್ಪು ಆಗದಿದ್ರ ಸಾಕು ಅಂತ ಒಲ್ಲೆ ಅಂತಾನ. ಅದು ಸಹಜ.

ರಾಜಕುಮಾರ್ ಮನಿತನ ನೋಡ್ರಿ. 1994ರಾಗ ಐ ಬ್ಯಾಂಕ್ ಸುರು ಆದಾಗ ಅವರು ಇಡೀ ಮನಿತನದ ಪರವಾಗಿ ಕಣ್ಣು ಕೊಡ್ತೀವಿ ಅಂದಿದ್ರು, 2006ರಾಗ ಅವರದು ಕೊಟ್ರು, 2017ರಾಗ ಪಾರ್ವತಮ್ಮನವರದು, 2021ರ ಅಕ್ಟೋಬರ್ 29ಕ್ಕ ಅಪ್ಪು ಹೋದಾಗ ಅವರದೂ ಕೊಟ್ರು, ನಾಲ್ಕು ಮಂದಿಗೆ ದೃಷ್ಟಿ ಬಂತು. ಅಂಥಾ ಆಘಾತದ ದಿವಸ ಇಡೀ ರಾಜ್ಯ ಅಳಾಕತ್ತಿತ್ತು, ಆ ಮನ್ಯಾಗ ಇದೊಂದು ಮಾತು ಹೊಸದಾಗಿ ಯೋಚನಿ ಮಾಡೋದು ಇರಲಿಲ್ಲ, ಮೊದಲ ಆಗಿತ್ತು. ಅದ ವರ್ಷ ಜೂನ್‌ನ್ಯಾಗ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಾಗ ಬ್ರೇನ್ ಡೆಡ್ ಆದಾಗ ಅವರ ಮನಿಯವರೂ ಅಂಗಾಂಗ ಕೊಟ್ರು. ಈ ಎರಡು ಸುದ್ದಿ ಬಂದ ಮ್ಯಾಲೆ ಐಸಿಯು ಹೊರಗ ನನ್ನ ಕೆಲಸ ಬದಲಾತು, ಅಂಗಾಂಗ ದಾನ ಅಂದ್ರ ಏನು ಅಂತ ಮೊದಲಿಂದ ಹೇಳೋದು ಕಡಿಮಿ ಆತು.

ಪ್ಲೆಡ್ಜ್ ಕಾರ್ಡ್ (ಸತ್ತ ಮ್ಯಾಲೆ ಕೊಡ್ತೀನಿ ಅಂತ ಮೊದಲ ಬರ್ದುಕೊಟ್ಟ ಕಾರ್ಡ್) ಇದ್ರ ಮತ್ತ ಮನಿಮಂದಿನ್ನ ಯಾಕ ಕೇಳ್ತೀರಿ?

ಕಾಯ್ದೆದಾಗ ಏನೈತಿ ಅಂದ್ರ, ಇಬ್ಬರು ಸಾಕ್ಷಿ ಮುಂದ ಬರ್ದು ಕೊಟ್ಟಿದ್ರ, ಅದರಾಗ ಒಬ್ಬರು ಹತ್ತರದ ಸಂಬಂಧಿ ಇದ್ರ, ಆ ಮಾತಿಗೆ ಬೆಲಿ ಐತಿ. ಆದ್ರ ನಡವಳಿಕ್ಯಾಗ ಮನಿಮಂದಿ ಎದುರು ನಿಂತು ಒಲ್ಲೆ ಅಂದ್ರ ಯಾವ ಡಾಕ್ಟರೂ ಮುಂದ ಹೋಗಂಗಿಲ್ಲ, ಹೋಗಬಾರದು ಅಂತ ನನ್ನ ಅಭಿಪ್ರಾಯನೂ ಐತಿ. ಸ್ಪೇನ್ ದೇಶದ ಕಾಯ್ದೆದಾಗ ಬ್ಯಾಡ ಅಂತ ಹೇಳದಿದ್ರ ಒಪ್ಪಿಗಿ ಅಂತನ ಹಿಡೀತಾರ, ಅಂಥಾ ದೇಶದಾಗೂ ಮನಿಮಂದಿನ್ನ ಕೇಳೇ ಕೇಳ್ತಾರ, ಮತ್ತ ಜಗತ್ತಿನ್ಯಾಗ ಭಾಳ ವರ್ಷದಿಂದ ಮುಂದ ಇರೋದು ಅವರ, 2023ರಾಗ 10 ಲಕ್ಷ ಜನಕ್ಕ 48ರ ಮ್ಯಾಲೆ ದಾನಿಗಳು. ನಮ್ಮ ದೇಶದಾಗ 10 ಲಕ್ಷಕ್ಕ ಒಬ್ಬರೂ ಬರಂಗಿಲ್ಲ, 2023ರಾಗ ಸತ್ತ ಮ್ಯಾಲೆ ಅಂಗಾಂಗ ಕೊಟ್ಟವರು ಇಡೀ ಭಾರತದಾಗ 1,099, ಕರ್ನಾಟಕದಾಗ 178. ಸ್ಪೇನಿನವರು ಮುಂದ ಹೋಗಿದ್ದು ಕೇಳೋ ರೀತಿ ಕಲಿಸಿದ್ದಕ್ಕ, ಪ್ರತಿ ದೊಡ್ಡ ದವಾಖಾನ್ಯಾಗ ಅದಕ್ಕಂತನ ತಯಾರಾದ ಮಂದಿ ಇಟ್ಟಿದ್ದಕ್ಕ.

ಕಾರ್ಡ್ ಪಾಕೀಟಿನ್ಯಾಗ ಇಟ್ಟು ಮನ್ಯಾಗ ಹೇಳಲಿಲ್ಲ ಅಂದ್ರ ಅದು ಪೊಲೀಸರು ಕೊಟ್ಟ ಚೀಲದಾಗ ಆಧಾರ್ ಕಾರ್ಡಿನ ಹಿಂದ ಕುಂತಿರ್ತೈತಿ, ಮಣ್ಣು ಮಾಡಿ ಬಂದ ಮ್ಯಾಲೆ ಸಿಗ್ತೈತಿ. ಇದು ಆಗೇತಿ.

ಸಹಿ ಯಾರು ಮಾಡಬೇಕು? ಒಬ್ಬರು ಹೂಂ, ಒಬ್ಬರು ಒಲ್ಲೆ ಅಂದ್ರ?

ಗಂಡ, ಹೆಂಡ್ತಿ, ಮಗ, ಮಗಳು, ಅಪ್ಪ, ಅವ್ವ, ಅಣ್ಣ-ತಮ್ಮ, ಅಕ್ಕ-ತಂಗಿ, ಅಜ್ಜ-ಅಜ್ಜಿ, ಮೊಮ್ಮಕ್ಕಳು ಇವರು ಹತ್ತರದ ಸಂಬಂಧಿಗಳು. ಫಾರ್ಮ್ 8ಕ್ಕ ಸಹಿ, ಸತ್ತವರು 18 ವರ್ಷದೊಳಗಿನವರಿದ್ರ ಫಾರ್ಮ್ 9ಕ್ಕ ಅಪ್ಪನೋ ಅವ್ವನೋ ಸಹಿ. ಇವರೊಳಗ ಒಬ್ಬರ ತಕರಾರು ಐತಿ ಅಂತ ಗೊತ್ತಾದ್ರೂ ಮುಂದ ಹೋಗಾಕ ಬರಂಗಿಲ್ಲ.

ಇದು ಕಾಗದದ ಮಾತು. ಐಸಿಯು ಹೊರಗ ಠರಾವು ಮಾಡೋರು ಬ್ಯಾರೆ ಇರ್ತಾರ. ನಮ್ಮ ಕಡೆ ದೊಡ್ಡಪ್ಪ, ಕಾಕಾ, ಸೋದರಮಾವ, ಊರಿನ ಹಿರ್ಯಾ ಒಬ್ಬರು, ಗ್ರಾಮ ಪಂಚಾಯ್ತಿ ಮೆಂಬರ್ ಇಷ್ಟು ಮಂದಿ ಚಾದ ಅಂಗಡಿ ಮುಂದ ನಿಂತು ಮಾತಾಡ್ತಾರ, ಹೆಣ್ಮಕ್ಕಳು ಒಳಗ ನೆಲದ ಮ್ಯಾಲೆ ಕುಂತಿರ್ತಾರ. ಹಾವೇರಿ ಕಡೆಯ ಒಂದು ಮನಿತನ ಬಂದಿತ್ತು, ಬೈಕಿನ ಮ್ಯಾಲೆ ಹೆಲ್ಮೆಟ್ ಇಲ್ಲದ ಬಿದ್ದ ಹುಡುಗ, ಮೂವತ್ತು ಆಗಿರಲಿಲ್ಲ. ಗಂಡಸರು ಅರ್ಧ ದಿನ ಮಾತಾಡಿ ಒಲ್ಲೆ ಅಂತ ಬಂದ್ರು. ಸರಿ ಅಂದೆ. ಒಂದೇ ಒಂದು ಕೇಳಿದೆ, ಅವನ ಹೆಂಡ್ತಿ, ಆ ತಂಗಿನ್ನ ಕೇಳೀರೇನು ಅಂತ. ಅಕಿ ಗೋಡಿಗೆ ಆತು ಕುಂತಿದ್ಲು, ಮಡಲಾಗ ಗಂಡನ ಒಂದು ಚಪ್ಪಲಿ, ಒಂದೇ, ಇನ್ನೊಂದು ರಸ್ತೆಯೊಳಗ ಹೋಗಿತ್ತು. ಕೇಳಿದ್ದಕ್ಕ ಅಕಿ ತಲಿ ಎತ್ತಿ ಮೈದುನನ ಕಡೆ ನೋಡಿ ಅಂದ್ಲು: "ಅಪ್ಪು ಕಣ್ಣ ಕೊಟ್ಟಾಗ ಟಿವಿ ಮುಂದ ಕುಂತು, ಕಣ್ಣಷ್ಟ ಯಾಕ, ನಾ ಸತ್ರ ಬರೋದೆಲ್ಲಾ ಕೊಟ್ಟಬಿಡ್ರಿ ಅಂದಿದ್ರಲ್ಲೋ, ನೀನೂ ಅಲ್ಲೇ ಇದ್ದಿ." ಮೈದುನಗ ನೆನಪಾತು. ಅಂವ ಹೊರಗ ಹೋಗಿ ಕಾಕಾನ ಕೈ ಹಿಡ್ಕೊಂಡು ಅತ್ತ. ಸಹಿ ಅಕಿನ ಮಾಡಿದ್ಲು.

ಅದಕ್ಕ ದವಾಖಾನ್ಯಾಗ ಇರೋರಿಗೂ ನನ್ನ ಕಳಕಳಿಯ ಮಾತು: ಹೆಂಡ್ತಿನ್ನ, ಅವ್ವನ್ನ ಮೊದಲು ಮಾತಾಡಿಸ್ರಿ. ಅವನ ಜೊತಿ ಊಟ ಮಾಡಿದವರು, ಟಿವಿ ನೋಡಿದವರು ಅವರು. ಅಂವ ಏನಂತಿದ್ದ ಅನ್ನೋದು ಊರ ಹಿರ್ಯಾಗ ಎಲ್ಲಿಂದ ಗೊತ್ತಿರಬೇಕು.

ಎಲ್ಲಾ ಕೊಡಬೇಕೇನು? ಕಣ್ಣು ಬ್ಯಾಡ ಅನ್ನಬಹುದಾ?

ಅನ್ನಬಹುದು. ಯಾವುದು ಕೊಡ್ತೀರಿ ಅನ್ನೋದು ಫಾರ್ಮಿನ್ಯಾಗ ಬ್ಯಾರೆ ಬ್ಯಾರೆ ಬರೀತಾರ. ಕಣ್ಣಿಲ್ಲದಿದ್ರ ಮ್ಯಾಲೆ ದಾರಿ ಹೆಂಗ ಕಾಣ್ತೈತಿ ಅಂತ ಒಬ್ಬ ಅವ್ವ ಕೇಳಿದ್ರು, ಕಣ್ಣು ಬಿಟ್ಟು ಉಳಿದದ್ದು ಕೊಟ್ರು. ಅಕಿ ಜೊತಿ ವಾದ ಮಾಡೋ ಅವಶ್ಯಕತೆ ಯಾರಿಗೂ ಇರಲಿಲ್ಲ.

ನಮ್ಮ ಧರ್ಮದಾಗ ಇದು ನಡೀತೈತೇನ್ರಿ?

ಲಿಂಗಾಯತರ ಮನ್ಯಾಗ ಬರೋ ಪ್ರಶ್ನಿ ಧರ್ಮಕ್ಕಿಂತ ಕ್ರಿಯಾವಿಧಿದು. ದೇಹ ಕುಂದ್ರಿಸಿ ಕ್ರಿಯಾ ಸಮಾಧಿ ಮಾಡ್ತಾರ, ವಿಭೂತಿ ಹಚ್ಚಿ, ಲಿಂಗ ಕೈಯಾಗ ಇಟ್ಟು ಮಾಡೋದು, ಹೊಟ್ಟಿ ಕೊಯ್ದಿದ್ರ ಕುಂದ್ರಾಕ ಆಗ್ತೈತೇನು ಅಂತ ಕೇಳ್ತಾರ. ಆಗ್ತೈತಿ. ಆಪರೇಶನ್ ಮಾಡಿದಂಗ ಒಳಗಿಂದ ಪದರ ಪದರ ಹೊಲಿಗಿ ಹಾಕಿ ಕೊಡ್ತಾರ. ಅಯ್ಯನವರಿಗೆ ಫೋನ್ ಹಚ್ಚಿ ಕೇಳ್ರಿ ಅಂತ ನಾನ ಹೇಳ್ತೀನಿ, ಅವರು ಹೂಂ ಅಂದ್ರ ಅರ್ಧ ಅಂಜಿಕಿ ಅಲ್ಲೇ ಹೋಗ್ತೈತಿ.

ಮುಸ್ಲಿಂ ಮನ್ಯಾಗ ಎರಡು ಅಡಚಣಿ, ಲಗೂನ ದಫನ್ ಆಗಬೇಕು ಅನ್ನೋದು ಮತ್ತ ದೇಹ ಅಲ್ಲಾಹನ ಅಮಾನತ್ತು (ನಂಬಿ ಕೊಟ್ಟಿದ್ದು), ನಮ್ಮದಲ್ಲ ಅನ್ನೋದು. ಜೆಡ್ಡಾದ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1988ರಾಗ ಷರತ್ತಿನ ಮ್ಯಾಲೆ ಅಂಗಾಂಗ ಕಸಿ ಒಪ್ಪೈತಿ, ನಮ್ಮ ದೇಶದ ಉಲೇಮಾಗಳೊಳಗ ಒಂದೇ ಅಭಿಪ್ರಾಯ ಇಲ್ಲ. ಮೌಲಾನಾ ಸಾಹೇಬರನ್ನ ಕೇಳ್ಕೊಂಡು ಹೇಳ್ತೀವಿ ಅಂದ್ರ ಅದಕ್ಕ ಟೈಮ್ ಕೊಡಬೇಕು. ಕ್ಯಾಥೊಲಿಕ್ ಕ್ರಿಶ್ಚಿಯನ್ನರಿಗೆ ಪೋಪ್ ಎರಡನೇ ಜಾನ್ ಪಾಲ್ 2000ದಾಗನ ಇದು ಪ್ರೀತಿಯ ಕೆಲಸ ಅಂತ ಒಪ್ಪಿ ಹೇಳ್ಯಾರ.

ಉಳಿದ ಹಿಂದೂ ಮನಿಗಳೊಳಗ ಅರೆ ದೇಹದಾಗ ಹೋದ್ರ ಮುಂದಿನ ಜನ್ಮದಾಗ ಅದು ಇಲ್ಲದ ಹುಟ್ತಾರ ಅನ್ನೋ ಅಂಜಿಕಿ ಕೇಳೀನಿ, ಅದರ ಸಂಗ್ತಿ ದಧೀಚಿ ತನ್ನ ಎಲುವು ಕೊಟ್ಟ ಕಥಿನೂ ಅದ ಮನಿ ಅಜ್ಜಿನ ಹೇಳ್ತಾರ. ನಾನು ಧರ್ಮದ ವಾದಕ್ಕ ಇಳಿಯಂಗಿಲ್ಲ. ಆದ್ರ ಒಂದು ನೆನಸ್ತೀನಿ. ವಿಜಯಪುರದ ಸಿದ್ಧೇಶ್ವರ ಶ್ರೀಗಳು ನನ್ನ ದೇಹ ಮಣ್ಣು ಮಾಡಬ್ಯಾಡ್ರಿ, ಅಗ್ನಿಗೆ ಕೊಡ್ರಿ, ಸ್ಮಾರಕ ಕಟ್ಟಬ್ಯಾಡ್ರಿ ಅಂತ ಮೊದಲ ಬರ್ದಿಟ್ಟಿದ್ರು, 2023ರ ಜನವರ್ಯಾಗ ಹಂಗೇ ಆತು. ಲಕ್ಷಗಟ್ಟಲೆ ಭಕ್ತರು ಸೇರಿದ್ರು, ಪದ್ಧತಿ ಹಿಂಗಲ್ಲ ಅಂತ ಯಾರೂ ತಡೀಲಿಲ್ಲ, ಯಾಕಂದ್ರ ಅವರ ಮಾತು ಇತ್ತು. ಇದು ಅಂಗಾಂಗದ ಸಂಗತಿ ಅಲ್ಲ ಖರೆ, ಆದ್ರ ಬರ್ದಿಟ್ಟ ಒಂದು ಮಾತು ಎಷ್ಟು ದೊಡ್ಡ ಪದ್ಧತಿನ್ನ ಸರಿಸ್ತೈತಿ ಅನ್ನೋದು ಅಲ್ಲೆ ಕಾಣ್ತೈತಿ.

ಆಕ್ಸಿಡೆಂಟ್ ಕೇಸ್, ಪೊಲೀಸ್, ಪಿಎಂ (ಪೋಸ್ಟ್‌ಮಾರ್ಟಂ) ಎಲ್ಲಾ ಐತಿ. ಬಾಡಿ ಯಾವಾಗ ಕೊಡ್ತಾರ?

ಭಾಳ ಮಂದಿ ಒಲ್ಲೆ ಅನ್ನೋದು ಇದಕ್ಕ, ಹೊರಗ ಹೇಳಂಗಿಲ್ಲ ಅಷ್ಟ. ಊರಾಗ ಮಂದಿ ಕಾಯಾಕತ್ತಾರ, ಕುಣಿ ತೋಡ್ಯಾರ, ಬೀಗರು ಬಂದು ಕುಂತಾರ, ಮನ್ಯಾಗ ಒಲಿ ಹಚ್ಚಿಲ್ಲ. ಸಹಿ ಆದ ಮ್ಯಾಲೆ ರಕ್ತದ ಟೆಸ್ಟ್, ಅಂಗಾಂಗ ಯಾರಿಗೆ ಹೊಂದ್ತೈತಿ ನೋಡೋದು, ಬ್ಯಾರೆ ಊರಿಂದ ಟೀಮ್ ಬರೋದು, ಆಪರೇಶನ್, ಎಲ್ಲಾ ಸೇರಿ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ಹಿಡೀತೈತಿ. ನಾಲ್ಕು ತಾಸಿನ್ಯಾಗ ಕೊಡ್ತೀವಿ ಅಂತ ಸುಳ್ಳು ಹೇಳಬಾರದು, ಅದರಿಂದ ಊರಿಗೆ ಊರ ಸಿಟ್ಟಾಗ್ತೈತಿ.

ಪೋಲೀಸ್ ಕೇಸ್ ಇದ್ರೂ ದಾನಕ್ಕ ಅಡ್ಡಿ ಇಲ್ಲ, ಠಾಣೆಗೆ ತಿಳಿಸಿ ಅನುಮತಿ ತಗೋತಾರ, ಪಿಎಂ ಅದರ ಜೊತಿ ಜೊತಿಗೇ ಮಾಡಿಸಬಹುದು. ಮೊದಲೆಲ್ಲಾ ಹೊತ್ತು ಮುಣಗಿದ ಮ್ಯಾಲೆ ಪಿಎಂ ಮಾಡ್ತಿರಲಿಲ್ಲ, 2021ರ ನವೆಂಬರ್‌ನ್ಯಾಗ ಕೇಂದ್ರ ಸರಕಾರ ಅಂಗಾಂಗ ದಾನದ ಕೇಸಿಗೆ ರಾತ್ರಿನೂ ಮಾಡಬಹುದು ಅಂತ ನಿಯಮ ಬದಲಿಸೇತಿ, ಸೌಲಭ್ಯ ಇರೋ ದವಾಖಾನ್ಯಾಗ. ನಮ್ಮ ಕಡೆಯವರಿಗೆ ಇದು ದೊಡ್ಡ ಉಪಕಾರ.

ಹೃದಯ ತಗದ ಮ್ಯಾಲೆ 4ರಿಂದ 6 ತಾಸಿನ್ಯಾಗ ಇನ್ನೊಬ್ಬರಿಗೆ ಕೂಡಿಸಬೇಕು, ಲಿವರ್‌ಗೆ 12 ತಾಸಿನ ಆಸುಪಾಸು, ಕಿಡ್ನಿ ಒಂದು ದಿನಾನೂ ತಡೀತೈತಿ. ಅದಕ್ಕ ಹಾರ್ಟ್ ಹೊಂಟ್ರ ಪೊಲೀಸರು ರಸ್ತೆ ಬಿಡಿಸಿ ಏರ್‌ಪೋರ್ಟ್‌ತನಕ ಆಂಬುಲೆನ್ಸ್ ಓಡಸ್ತಾರ, ಇದಕ್ಕ ಗ್ರೀನ್ ಕಾರಿಡಾರ್ ಅಂತಾರ.

ಬಿಲ್ ಯಾರು ಕಟ್ಟಬೇಕು? ನಮಗ ದುಡ್ಡು ಕೊಡ್ತಾರೇನು?

ಸಾವು ಡಿಕ್ಲೇರ್ ಆಗಿ ನೀವು ಒಪ್ಪಿದ ಮ್ಯಾಲೆ ದೇಹ ಕಾಯ್ದಿಡೋ ಖರ್ಚು, ಅಂಗಾಂಗ ತಗಿಯೋ ಖರ್ಚು, ಸಾಗಿಸೋ ಖರ್ಚು ಯಾವುದೂ ನಿಮ್ಮ ಮ್ಯಾಲೆ ಬರಂಗಿಲ್ಲ, 2014ರ ನಿಯಮದಾಗ ಐತಿ. ಅದಕ್ಕಿಂತ ಮೊದಲಿನ ಟ್ರೀಟ್‌ಮೆಂಟ್ ಬಿಲ್ ಬ್ಯಾರೆ, ಅದನ್ನ ದವಾಖಾನ್ಯಾಗ ಸ್ಪಷ್ಟ ಕೇಳ್ಕೊಳ್ರಿ. ಎರಡನ್ನೂ ಕಲಸಿ ಹೇಳೋದರಿಂದನ "ಬಿಲ್ ಮಾಫ್ ಮಾಡ್ತೀವಿ, ಕಿಡ್ನಿ ಕೊಡ್ರಿ ಅಂದ್ರಂತ" ಅನ್ನೋ ಮಾತು ಊರೂರು ತಿರುಗ್ತೈತಿ.

ನಿಮಗೆ ದುಡ್ಡು ಕೊಡಂಗಿಲ್ಲ. ಕೊಡೋದೂ ತಗೊಳ್ಳೋದೂ ಅಪರಾಧ, 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿತನಕ ದಂಡ. ಯಾರಾದ್ರೂ ವರಾಂಡದಾಗ ಬಂದು ರೊಕ್ಕದ ಮಾತು ಆಡಿದ್ರ ಅಲ್ಲೇ ಪೊಲೀಸರಿಗೆ ಹೇಳ್ರಿ.

ಕೊನೀಗೆ ಶ್ರೀಮಂತರಿಗೇ ಹೋಗೋದು ಅಲ್ಲೇನು?

ಯಾರಿಗೆ ಅನ್ನೋದು ದವಾಖಾನಿಯವರ ಮರ್ಜಿಯಲ್ಲ. ಕರ್ನಾಟಕದಾಗ ಜೀವಸಾರ್ಥಕತೆ ಅನ್ನೋ ಸರಕಾರಿ ಸಂಸ್ಥೆ ಪಟ್ಟಿ ಇಟ್ಟಿರ್ತೈತಿ, ರಕ್ತದ ಗುಂಪು, ಎಷ್ಟು ದಿವಸದಿಂದ ಕಾಯಾಕತ್ತಾರ, ಎಷ್ಟು ಗಂಭೀರ, ಎಷ್ಟು ದೂರ ಇದೆಲ್ಲಾ ನೋಡಿ ಹಂಚತಾರ. ಆದ್ರ ನಿಮ್ಮ ಸಂಶಯದಾಗ ಒಂದು ಖರೆ ಐತಿ, ಕಸಿ ಆಪರೇಶನ್ ಮತ್ತ ಆಮೇಲೆ ಜೀವನಪೂರ್ತಿ ತಗೊಳ್ಳೋ ಗುಳಿಗಿ ಬಡವರಿಗೆ ಭಾರ, ಪಟ್ಟಿಯೊಳಗ ಹೆಸರು ಬರಸಾಕೂ ದೊಡ್ಡ ಊರಿಗೆ ಓಡಾಡಬೇಕು. ಇದನ್ನ ಮುಚ್ಚಿಟ್ರ ನಂಬಿಕಿ ಹುಟ್ಟಂಗಿಲ್ಲ. ಸರಕಾರಿ ದವಾಖಾನ್ಯಾಗ ಕಸಿ ಹೆಚ್ಚು ಆದಷ್ಟೂ, ಡಯಾಲಿಸಿಸ್ ಮಾಡಿಸ್ಕೊಳ್ಳಾಕತ್ತ ನಮ್ಮ ಊರಿನ ಹುಡುಗಗ ಕಿಡ್ನಿ ಬಂತಂತ ಅನ್ನೋದು ಮಂದಿ ಕಣ್ಣಿಗೆ ಬಿದ್ದಷ್ಟೂ ಈ ಪ್ರಶ್ನಿ ಕಡಿಮಿ ಆಗ್ತೈತಿ.

ಮನ್ಯಾಗ ಸಹಜ ಸತ್ರ ಏನೂ ಕೊಡಾಕ ಬರಂಗಿಲ್ಲೇನು?

ಕಿಡ್ನಿ, ಲಿವರ್, ಹಾರ್ಟ್ ಬರಂಗಿಲ್ಲ, ಕಣ್ಣು ಬರ್ತಾವ. 6 ತಾಸಿನೊಳಗ ತಗೀಬೇಕು, ಟೀಮ್ ಮನಿಗೇ ಬರ್ತೈತಿ, 15-20 ಮಿನಿಟಿನ ಕೆಲಸ, ಮುಖ ಕೆಡಂಗಿಲ್ಲ. ಅಲ್ಲಿತನಕ ರೆಪ್ಪಿ ಮುಚ್ಚಿ, ಮ್ಯಾಲೆ ನೀರಾಗ ತೋಯಿಸಿದ ಹತ್ತಿ ಇಟ್ಟು, ಫ್ಯಾನ್ ಬಂದ್ ಮಾಡಿ, ತಲಿ ಕೆಳಗ ದಿಂಬು ಕೊಡ್ರಿ. ಚಷ್ಮಾ ಇದ್ರೂ, ಕಣ್ಣಿನ ಪೊರಿ ಆಪರೇಶನ್ ಆಗಿದ್ರೂ ನಡೀತೈತಿ. ಕಣ್ಣು ಕಾಣದ ಎಲ್ಲಾರಿಗೂ ಇದರಿಂದ ದೃಷ್ಟಿ ಬರಂಗಿಲ್ಲ, ಮುಂದಿನ ಕಾರ್ನಿಯಾ ಪರದೆ ಕೆಟ್ಟವರಿಗಷ್ಟ. ಇದನ್ನ ಹೇಳೋದು ಯಾಕಂದ್ರ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿಯೋ ಗದಗಿನ ಪುಣ್ಯಾಶ್ರಮಕ್ಕ ಹೋಗಿ ಬಂದವರು, ಪುಟ್ಟರಾಜ ಗವಾಯಿಗಳನ್ನ ಕಂಡವರು, ಅಲ್ಲಿನ ಮಕ್ಕಳಿಗೆ ಕೊಡ್ರಿ ಅಂತ ಭಾಳ ಅಂತಃಕರಣದಿಂದ ಕೇಳ್ತಾರ. ಕಣ್ಣು ಹೊಂದೋದು ರೋಗದ ಮ್ಯಾಲೆ, ಇಂಥಾವರಿಗೇ ಅಂತ ಆರಿಸಾಕ ಬರಂಗಿಲ್ಲ.

ನಾವು ಅವತ್ತು ಒಲ್ಲೆ ಅಂದ್ವಿ. ಈಗ ತಪ್ಪು ಮಾಡಿದ್ವೇನೋ ಅಂತ ಅನ್ನಿಸ್ತೈತಿ.

ಇದನ್ನ ಕೇಳಿದವರು ಒಬ್ಬಿಬ್ಬರಲ್ಲ, ವರ್ಷ ಕಳೆದ ಮ್ಯಾಲೂ ಫೋನ್ ಮಾಡ್ತಾರ. ಒಲ್ಲೆ ಅಂದ ಕೆಲವರಿಗೆ ಆಮೇಲೆ ಸಂಕಟ ಆಗ್ತೈತಿ, ಹೂಂ ಅಂದವರಿಗೂ ಒಮ್ಮೊಮ್ಮೆ ಆಗ್ತೈತಿ, ಅದೂ ವಿಶೇಷ ಯಾವಾಗ ಅಂದ್ರ ಅವಸರದಾಗ ಸಹಿ ಮಾಡಿಸ್ಕೊಂಡಿದ್ರ. ನಿಮಗೆ ಅವತ್ತು ಇದ್ದ ತಿಳವಳಿಕಿ, ಇದ್ದ ಹೊತ್ತು, ಕೇಳಿದವರ ರೀತಿ ಇಷ್ಟರ ಮ್ಯಾಲೆ ನೀವು ಹೇಳಿದ್ರಿ. ಯಾರ ಜೀವಾನೂ ನೀವು ತಗೊಂಡಿಲ್ಲ. ದಾನ ಮಾಡಲಿಲ್ಲ ಅಂತ ಒಂದು ಮನಿತನದ ಬಗ್ಗೆ ಊರಾಗ ಕೀಳಾಗಿ ಮಾತಾಡೋರನ್ನ ನಾ ಸಹಿಸಂಗಿಲ್ಲ.

ಕೊಟ್ಟಿದ್ದು ಯಾರಿಗೆ ಹೋತು ಅಂತ ಗೊತ್ತಾಗ್ತೈತೇನು?

ಹೆಸರು, ಊರು ಹೇಳಂಗಿಲ್ಲ, ಎರಡೂ ಕಡೆಯವರಿಗೂ. ಯಾವ ಅಂಗ ಉಪಯೋಗ ಆತು ಅಂತ ಕೋಆರ್ಡಿನೇಟರ್‌ನ್ನ ಕೇಳಬಹುದು, ಹೇಳೋದು ನಮ್ಮ ಧರ್ಮ ಅಂತ ನಾ ತಿಳೀತೀನಿ. ಸಹಿ ಮಾಡಿಸ್ಕೊಂಡು ಆಮೇಲೆ ಒಂದು ಫೋನ್ ಮಾಡದವರ ಮ್ಯಾಲೆ ಮನಿಮಂದಿಗೆ ಸಿಟ್ಟು ಬರೋದು ನ್ಯಾಯ. ತಮಿಳುನಾಡಿನ್ಯಾಗ 2023ರ ಸೆಪ್ಟೆಂಬರ್‌ನ್ಯಾಗ ದಾನಿಗಳ ಅಂತ್ಯಕ್ರಿಯೆಗೆ ಸರಕಾರಿ ಗೌರವ ಅಂತ ಘೋಷಣೆ ಆತು, ಅಂಥಾದು ಆದ್ರ ಊರಿನವರ ಬಾಯಿ ತಾನಾಗೇ ಮುಚ್ಚತೈತಿ.

ಮನ್ಯಾಗ ಈ ಮಾತು ಹೆಂಗ ತೆಗೀಬೇಕು? ಅಪಶಕುನ ಅಂತಾರ.

ಅಂತಾರ. "ಬಿಡ್ತು ಅನ್ನು" ಅಂತ ಅವ್ವ ಬಾಯಿ ಮುಚ್ಚಸ್ತಾಳ. ಹಬ್ಬದ ದಿವಸ ಬ್ಯಾಡ್ರಿ. ಟಿವಿಯಾಗ ಗ್ರೀನ್ ಕಾರಿಡಾರ್ ಸುದ್ದಿ ಬಂದಾಗ, ಯಾರದೋ ದಿವಸದ ಊಟ ಮುಗಿಸಿ ಬರೋ ಮುಂದ, ಡ್ರೈವಿಂಗ್ ಲೈಸೆನ್ಸ್ ಅರ್ಜಿಯಾಗ ಅಂಗಾಂಗ ದಾನದ ಕಾಲಂ ಬಂದಾಗ, ಒಂದು ಮಾತು ಒಗೆದುಬಿಡ್ರಿ: ನಾನಂತೂ ಕೊಡಾಂವ, ನನಗಂತೂ ಒಪ್ಪಿಗಿ. ಅಷ್ಟ. ಹೆಂಡ್ತಿ ಒಬ್ಬಾಕಿಗಷ್ಟ ಹೇಳಬ್ಯಾಡ್ರಿ, ಅಣ್ಣನ ಮುಂದನೂ ಹೇಳ್ರಿ, ಯಾಕಂದ್ರ ಅವತ್ತು ಚಾದ ಅಂಗಡಿ ಮುಂದ ನಿಂತು ಮಾತಾಡೋನು ಅಂವ. ನಿಮಗ ಒಲ್ಲೆ ಅನ್ನೋದಿದ್ರ ಅದನ್ನೂ ಹೇಳಿಬಿಡ್ರಿ, ಅದರಿಂದನೂ ಮನಿಯವರ ಭಾರ ಇಳೀತೈತಿ.

ಬರ್ದಿಡಬೇಕು ಅಂದ್ರ ನೊಟ್ಟೊ (NOTTO, ಅಂಗಾಂಗ ಕಸಿ ನೋಡ್ಕೊಳ್ಳೋ ಕೇಂದ್ರ ಸರಕಾರದ ಸಂಸ್ಥೆ) ವೆಬ್‌ಸೈಟಿನ್ಯಾಗ ಆಧಾರ್ ನಂಬರ್ ಹಾಕಿ ಪ್ಲೆಡ್ಜ್ ಮಾಡಬಹುದು, ಅವರ ಟೋಲ್ ಫ್ರೀ ನಂಬರ್ 1800-114-770. ಬಂದ ಸರ್ಟಿಫಿಕೇಟ್‌ನ್ನ ಮನಿ ವಾಟ್ಸಾಪ್ ಗ್ರೂಪಿಗೆ ಹಾಕ್ರಿ. ಮನಸ್ಸು ಬದಲಾದ್ರ ತಗಸಬಹುದು.

ನನಗ ಶುಗರ್, ಬಿಪಿ ಐತಿ, ವಯಸ್ಸು ಅರವತ್ತೈದು ದಾಟೇತಿ. ನನ್ನದು ಯಾರಿಗೆ ಬೇಕ್ರಿ?

ಅದನ್ನ ನೀವು ಈಗ ಠರಾಯಿಸಬ್ಯಾಡ್ರಿ. ದಾನಕ್ಕ ಇಷ್ಟೇ ವಯಸ್ಸು ಅಂತ ಗೆರಿ ಇಲ್ಲ, ಅವತ್ತಿನ ಟೆಸ್ಟ್ ನೋಡಿ ಡಾಕ್ಟರ್ ಹೇಳ್ತಾರ. ಶುಗರ್ ಇದ್ದವರ ಲಿವರ್ ಬಂದದ್ದು ಐತಿ, ಎಂಬತ್ತು ದಾಟಿದವರ ಕಣ್ಣು ಬಂದದ್ದೂ ಐತಿ. ಪ್ಲೆಡ್ಜ್ ಮಾಡೋ ಮುಂದ ಯಾವ ಟೆಸ್ಟೂ ಮಾಡಸಬೇಕಾಗಿಲ್ಲ. ಏನೂ ಉಪಯೋಗ ಆಗಲಿಲ್ಲ ಅಂದ್ರ ಅವತ್ತ ಹೇಳಿ ದೇಹ ಹಂಗೇ ಮನಿಗೆ ಕೊಟ್ಟು ಕಳಸ್ತಾರ.